ಮುಪ್ಪಿನ ಮನೆಯಲ್ಲಿ ಔಷಧವಿವೇಕ

ವೈದ್ಯರು ವಿಚಾರಮಾಡಿ ಬರೆದುಕೊಟ್ಟ, ಮಕ್ಕಳು ಅಕ್ಕರೆಯಿಂದ ತಂದಿಟ್ಟ, ವೃದ್ಧರು ನಂಬಿಕೆಯಿಂದ ನುಂಗಿದ ಔಷಧಗಳೇ, ಒಂದರ ಇರವನ್ನು ಮತ್ತೊಂದು ಅರಿಯದಂತೆ ಒಂದೇ ದೇಹದಲ್ಲಿ ಕೂಡಿದಾಗ, ವಿಷದ ಕೆಲಸವನ್ನು ಮಾಡಬಲ್ಲವೆಂಬುದನ್ನು ನಾನು ನನ್ನ ತಂದೆಯವರ ಶುಶ್ರೂಷೆಯ ಕಾಲದಲ್ಲಿ ಕಣ್ಣಾರೆ ಕಂಡೆನು. ಇಂಥದೇ ಹೊಣೆಯನ್ನು ಹೊತ್ತಿರುವವರು ಇಂದು ಮನೆಮನೆಯಲ್ಲಿಯೂ ಇರುವುದರಿಂದ, ಕಂಡದ್ದನ್ನು ಬರೆದಿಡುವುದು ಕರ್ತವ್ಯವೆಂದು ತೋರುತ್ತದೆ.

ನಮ್ಮದು ತೀರ್ಥಹಳ್ಳಿ ಸೀಮೆಯ ಅಡಕೆ ತೋಟದ ಮನೆ. ತಂದೆಯವರಿಗೆ ಹೃದಯದ ದೌರ್ಬಲ್ಯಕ್ಕಾಗಿ ಡಿಜಾಕ್ಸಿನ್ ಎಂಬ ಮಾತ್ರೆಯೂ, ಕಾಲಿನ ಬಾವು ಇಳಿಯಲೆಂದು ಮೂತ್ರವನ್ನು ಹೆಚ್ಚಿಸುವ ಫ್ಯೂರೊಸೆಮೈಡ್ ಮಾತ್ರೆಯೂ ನಡೆಯುತ್ತಿದ್ದವು. ಮಳೆಗಾಲದ ಕೆಮ್ಮಿಗೆಂದು ಅವರು ಹಿರಿಯರ ರೂಢಿಯಂತೆ ಜ್ಯೇಷ್ಠಮಧುವಿನ ಕಡ್ಡಿಯನ್ನು ದಿನವೂ ಅಗಿಯುತ್ತಿದ್ದರು. ಅದರ ಕಷಾಯವನ್ನೂ ಕುಡಿಯುತ್ತಿದ್ದರು. ಹೀಗಿರಲಾಗಿ ಒಂದು ಆಷಾಢದಲ್ಲಿ ಅವರಿಗೆ ಊಟ ಸೇರದಾಯಿತು. ಓಕರಿಕೆಯೂ ನಿತ್ರಾಣವೂ ಬಂದವು. ದೀಪದ ಸುತ್ತ ಹಳದಿ ಕವಿದಂತೆ ಕಾಣುತ್ತದೆಯೆಂದು ಹೇಳತೊಡಗಿದರು. ನೋಡಬಂದ ನೆಂಟರು ಇದೆಲ್ಲ ವಯೋಧರ್ಮವೆಂದರು. ಊರಿನ ವೈದ್ಯರಾದರೋ ಆ ಹಳದಿಯ ಮಾತನ್ನೇ ಹಿಡಿದುಕೊಂಡು, ಅವರು ಬಾಯಿಗೆ ಹಾಕಿಕೊಳ್ಳುವುದನ್ನೆಲ್ಲ, ಔಷಧವೆನ್ನಿಸಲಿ ಎನ್ನಿಸದಿರಲಿ, ಒಂದು ಚೀಲದಲ್ಲಿ ತುಂಬಿ ತರತಕ್ಕದ್ದೆಂದು ಹೇಳಿದರು.

ಡಿಜಾಕ್ಸಿನ್ ಎಂಬುದು ಫಾಕ್ಸ್‌ಗ್ಲವ್ ಜಾತಿಯ ಗಿಡದಿಂದ ದೊರೆಯುವ ದ್ರವ್ಯ. ಆ ಗಿಡದ ಗುಣವನ್ನು ಕುರಿತು ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೇ, ಪ್ರಮಾಣ ಮೀರಿದರೆ ರೋಗಿಗೆ ವಸ್ತುಗಳು ಹಸಿರಾಗಿ ಹಳದಿಯಾಗಿ ಕಾಣುವುದುಂಟೆಂಬ ಎಚ್ಚರಿಕೆಯಿದೆ. ಸಾಮಾನ್ಯವಾದ ಮಾತ್ರೆಯೊಂದರಲ್ಲಿ ಇರುವುದೇ 0.25 ಮಿಲಿಗ್ರಾಂ, ಅದರ ಉಪಕಾರಕ್ಕೂ ಅಪಕಾರಕ್ಕೂ ನಡುವಣ ಅಂತರ ಅಷ್ಟು ಕಿರಿದು. ಅದು ದೇಹದಿಂದ ಹೊರಹೋಗುವುದು ಬಹುಪಾಲು ಮೂತ್ರಪಿಂಡಗಳ ಮೂಲಕ. ವಯಸ್ಸಿನೊಡನೆ ಅವುಗಳ ಶಕ್ತಿ ಕುಂದುವುದರಿಂದ, ಅರುವತ್ತರಲ್ಲಿ ಹಿತವಾಗಿದ್ದ ಪ್ರಮಾಣವೇ ಎಂಬತ್ತರಲ್ಲಿ ಅತಿಯಾಗಬಹುದು. ಇದರ ಮೇಲೆ ಫ್ಯೂರೊಸೆಮೈಡ್ ದೇಹದ ಪೊಟ್ಯಾಸಿಯಂ ಲವಣವನ್ನು ಹೊರಹಾಕುತ್ತದೆ. ದಿನವೂ ಸೇವಿಸಿದ ಜ್ಯೇಷ್ಠಮಧುವೂ ಅದನ್ನೇ ಮಾಡುತ್ತದೆ. ಪೊಟ್ಯಾಸಿಯಂ ಕುಗ್ಗಿದಷ್ಟೂ ಹೃದಯದ ಮೇಲೆ ಡಿಜಾಕ್ಸಿನ್ನಿನ ಹಿಡಿತ ಬಿಗಿಯಾಗುತ್ತದೆ. ರಕ್ತಪರೀಕ್ಷೆಯಲ್ಲಿ ಕಂಡದ್ದು ಇದೇ. ಜ್ಯೇಷ್ಠಮಧುವನ್ನು ನಿಲ್ಲಿಸಿ, ಪೊಟ್ಯಾಸಿಯಮ್ಮನ್ನು ತುಂಬಿಕೊಟ್ಟು, ಹೃದಯದ ಮಾತ್ರೆಯನ್ನು ಕೆಲಕಾಲ ತಡೆಹಿಡಿದುದರಿಂದ ತಂದೆಯವರು ಚೇತರಿಸಿಕೊಂಡರು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಪಟ್ಟಿ ನಡೆದುಬಂದಿತು. ಔಷಧದ ಮೂಲನಾಮ, ಪ್ರಮಾಣ, ಹೊತ್ತು, ಯಾವ ಕಾಯಿಲೆಗೆ ಮತ್ತು ಯಾರ ಸಲಹೆಯಿಂದ ಎಂಬುದೆಲ್ಲ ಅದರಲ್ಲಿರುತ್ತಿದ್ದವು. ಕಣ್ಣಿನ ಹನಿ, ನೋವಿನ ಮುಲಾಮು, ಚೂರ್ಣ, ಕಷಾಯಗಳಿಗೂ ಅಲ್ಲಿ ಸ್ಥಾನವಿತ್ತು. ವೃದ್ಧರು ಸಾಮಾನ್ಯವಾಗಿ ಮಾತ್ರೆಯನ್ನು ಗುರುತಿಸುವುದು ಬಣ್ಣದಿಂದ. ಬಣ್ಣವನ್ನು ನಿರ್ಧರಿಸುವುದು ಕಂಪನಿ. ಒಂದೇ ಔಷಧ ಹತ್ತು ಹೆಸರುಗಳಲ್ಲಿ ಮಾರಾಟವಾಗುವ ನಮ್ಮ ದೇಶದಲ್ಲಿ, ಅಂಗಡಿಯವರು ಬೇರೆ ಕಂಪನಿಯದನ್ನು ಕೊಟ್ಟಾಗ, ಹೊಸದು ಬೇರೆ ಔಷಧವೆಂದು ಬಗೆದು ಹಳೆಯದರ ಜೊತೆಗೆ ಅದನ್ನೂ ನುಂಗುವವರುಂಟು. ಜ್ವರಕ್ಕೆಂದು 650 ಮಿಲಿಗ್ರಾಮಿನ ಪ್ಯಾರಸಿಟಮಾಲನ್ನು ತೆಗೆದುಕೊಳ್ಳುವವರು, ಶೀತದ ಮಾತ್ರೆಯಲ್ಲಿಯೂ ಅದೇ ಅಡಗಿರಬಹುದೆಂಬುದನ್ನು ಹಿಂಬದಿಯ ಸಣ್ಣಕ್ಷರದಲ್ಲಿ ಓದಿ ನೋಡುವುದು ಒಳಿತು. ಪ್ರಮಾಣ ಮೀರಿದ ಪ್ಯಾರಸಿಟಮಾಲ್ ಯಕೃತ್ತನ್ನು ಕೆಡಿಸುತ್ತದೆ. ಅಂಗಡಿಯಲ್ಲಿ ಮಾತ್ರೆಗಳ ಹಾಳೆಯನ್ನು ಕತ್ತರಿಸಿ ನಾಲ್ಕನ್ನು ಕೊಡುವಾಗ ಹೆಸರೂ ಅವಧಿಯ ತಾರೀಖೂ ಕತ್ತರಿಯ ಆಚೆಗೇ ಉಳಿದುಬಿಡುವುದರಿಂದ, ಅವೆರಡೂ ಇರುವ ತುಂಡನ್ನೇ ಕೇಳಿ ಪಡೆಯಬೇಕು. ಒಂದು ಹೊತ್ತು ಮರೆತುಹೋದರೆ ಮುಂದಿನ ಹೊತ್ತಿಗೆ ಎರಡನ್ನು ಕೂಡಿಸಿ ನುಂಗಕೂಡದು.

ತೋಟದ ಮನೆಗಳಲ್ಲಿ ಇನ್ನೊಂದು ಬಗೆಯ ಅಪಾಯವೂ ಉಂಟು. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಾಡುವ ಮೈಲುತುತ್ತ, ಕಳೆನಾಶಕ, ಫಿನಾಯಿಲು, ಸೀಮೆಎಣ್ಣೆ, ಇವು ಹಳೆಯ ಪಾನೀಯದ ಬಾಟಲಿಗಳಲ್ಲಿ ಅಡಿಗೆಮನೆಯ ಪಕ್ಕದಲ್ಲಿಯೇ ನಿಂತಿರುತ್ತವೆ. ಕಣ್ಣು ಮಂದವಾಗಿ ವಾಸನೆಯೂ ತಿಳಿಯದಾದ ಹಿರಿಯರೊಬ್ಬರು ನಡುರಾತ್ರಿ ನೀರಡಿಸಿ ಎದ್ದು ಕೈಚಾಚಿದರೆ ಆಗುವುದೇನೆಂಬುದನ್ನು ಊಹಿಸಿಕೊಳ್ಳಬೇಕು. ಕಳೆನಾಶಕಗಳಲ್ಲಿ ಒಂದಾದ ಪ್ಯಾರಾಕ್ವಾಟಿಗಂತೂ ಸಿದ್ಧವಾದ ಪ್ರತಿವಿಷವೇ ಇಲ್ಲ. ಇಂಥವು ತಮ್ಮ ಮೂಲ ಡಬ್ಬಿಯಲ್ಲಿಯೇ, ಬೀಗದೊಳಗೆ, ವಾಸದ ಮನೆಯಿಂದ ದೂರದಲ್ಲಿ ಇರತಕ್ಕವು. ದುರದೃಷ್ಟದಿಂದ ಹೊಟ್ಟೆಗೆ ಸೇರಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ರೂಢಿಯನ್ನು ಅನುಸರಿಸಬಾರದು. ಸೀಮೆಎಣ್ಣೆಯಂಥದು ಮೇಲೇರುವಾಗ ಶ್ವಾಸಕೋಶವನ್ನು ಹೊಕ್ಕು ಹೆಚ್ಚಿನ ಕೇಡನ್ನು ಮಾಡುತ್ತದೆ. ಕೂಡಲೇ 108ಕ್ಕೆ ಕರೆಮಾಡಿ, ಡಬ್ಬಿಯನ್ನು ಜೊತೆಯಲ್ಲಿಯೇ ಒಯ್ಯಬೇಕು. ದೆಹಲಿಯ ಏಮ್ಸ್ ಸಂಸ್ಥೆಯಲ್ಲಿರುವ ರಾಷ್ಟ್ರೀಯ ವಿಷಮಾಹಿತಿ ಕೇಂದ್ರವು 1800 116 117 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಸಲಹೆ ನೀಡುತ್ತದೆ.

ಇವೆಲ್ಲಕ್ಕಿಂತ ಹಿರಿದಾದ ಪಾಠವನ್ನು ನಾನು ಕಲಿತದ್ದು ತಂದೆಯವರಿಂದಲೇ. ಮಾತ್ರೆಗಳನ್ನು ಅವರ ಕೈಯಿಂದ ಕಸಿದು ನಾವೇ ಎಣಿಸಿ ಕೊಡತೊಡಗಿದಾಗ ಅವರು ಮೌನವಾದರು. ಪಟ್ಟಿಯನ್ನು ದಪ್ಪ ಅಕ್ಷರದಲ್ಲಿ ಬರೆದು ಅವರ ಮುಂದಿಟ್ಟು, ಪ್ರತಿಯೊಂದರ ಉದ್ದೇಶವನ್ನು ವಿವರಿಸಿ ಅವರ ಅಭಿಪ್ರಾಯವನ್ನು ಕೇಳಿದಾಗ, ತಲೆತಿರುಗು, ನಿದ್ದೆಯ ಮಂಪರು, ಮಲಬದ್ಧತೆಗಳನ್ನು ತಾವಾಗಿಯೇ ಹೇಳತೊಡಗಿದರು. ಮರ್ಯಾದೆ ದೊರೆತ ಕಡೆ ವೃದ್ಧರು ಏನನ್ನೂ ಬಚ್ಚಿಡುವುದಿಲ್ಲ; ಬಚ್ಚಿಡದಿದ್ದರೆ ವೈದ್ಯರ ಕೆಲಸ ಅರ್ಧ ಮುಗಿದಂತೆಯೇ. ಆದುದರಿಂದ ಆರು ತಿಂಗಳಿಗೊಮ್ಮೆಯಾದರೂ ಮನೆಯ ಹಿರಿಯರನ್ನೂ ಅವರ ಔಷಧದ ಚೀಲವನ್ನೂ ಒಬ್ಬರೇ ವೈದ್ಯರ ಮುಂದೆ ಕರೆದೊಯ್ದು, ಇನ್ನೇನನ್ನು ಸೇರಿಸಬೇಕೆಂದು ಕೇಳುವಷ್ಟೇ ಆಸ್ಥೆಯಿಂದ, ಇವುಗಳಲ್ಲಿ ಯಾವುದನ್ನು ಈಗ ನಿಲ್ಲಿಸಬಹುದೆಂದೂ ಕೇಳಬೇಕು. ವೈದ್ಯರ ಮಾತನ್ನು ಪಡೆಯದೆ ಯಾವುದನ್ನೂ ನಾವಾಗಿಯೇ ನಿಲ್ಲಿಸಬಾರದು.