ಜಡಿಮಳೆಯ ದಿನದ ಓದು

ಕನ್ನಡ ಎಂ.ಎ. ಓದುತ್ತಿರುವ ತಮ್ಮ, ತಂಗಿಯರೇ, ಗಾಳಿಮಳೆಗೆ ಕರೆಂಟು ಹೋಗಿ ತರಗತಿಗೂ ರಜೆ ಸಿಕ್ಕರೆ ನೋಟ್ಸು ಬದಿಗಿಡಿ. ಕಿಟಕಿಯ ಪಕ್ಕ ಕೂತು, 1967ರಲ್ಲಿ ಬಂದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ತೆರೆಯಿರಿ. ಪರೀಕ್ಷೆಗೆಂದು ಅದರ ಸಾರಾಂಶವನ್ನಷ್ಟೇ ಓದಿದವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಒಂದೇ ದಿನಕ್ಕೆ ಮುಗಿಯುವ ಕಾದಂಬರಿಯಲ್ಲ. ಮಳೆಯೂ ಒಂದೇ ದಿನಕ್ಕೆ ನಿಲ್ಲುವುದಿಲ್ಲವಲ್ಲ! ಗುತ್ತಿ, ಐತ, ಪೀಂಚಲು, ಮುಕುಂದಯ್ಯ, ಚಿನ್ನಮ್ಮ ಎಂದು ಹೆಸರುಗಳು ಗೋಜಲಾದರೆ ಯಾರು ಯಾವ ಮನೆಯವರೆಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಸಂಭಾಷಣೆಗಳನ್ನು ಮಾತ್ರ ಗಟ್ಟಿಯಾಗಿ ಓದಿ. ಮಲೆನಾಡಿನ ಆಡುಮಾತು ಕಣ್ಣಿಗಿಂತ ಕಿವಿಗೆ ಬೇಗ ದಕ್ಕುತ್ತದೆ. ಕೊನೆಗೆ ಗುತ್ತಿಯ ನಾಯಿ ‘ಹುಲಿಯ’ ತುಂಗೆಯ ನೆರೆಗೆ ಸಿಕ್ಕುವ ಪುಟಗಳು ಬಂದಾಗ ಟಿಪ್ಪಣಿ ಬರೆಯಬೇಡಿ. ಪುಸ್ತಕ ಮಡಿಚಿ, ಹೊರಗಿನ ನೀರಿನ ಸದ್ದು ಕೇಳುತ್ತಾ ಸ್ವಲ್ಪ ಹೊತ್ತು ಸುಮ್ಮನಿರಿ.