ದೊಡ್ಡ ಕಡತ, ಚಿಕ್ಕ ಬಾಗಿಲು: ಆನ್‌ಲೈನ್ ಅರ್ಜಿ ಸ್ವೀಕೃತವಾಗುವ ಬಗೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ)



ಹುಳಿಯಾರು ಹೋಬಳಿಯ ಒಂದು ಗ್ರಾಮದ ವಯೋವೃದ್ಧ ಮಹಿಳೆಯೊಬ್ಬರು ಮನೆಯ ಖಾತೆಗಾಗಿ ಪಂಚಾಯಿತಿ ಕಚೇರಿಗೆ ಬಂದಿದ್ದಾರೆ ಎಂದು ಭಾವಿಸೋಣ. ಕ್ರಯಪತ್ರ, ವಿಭಾಗಪತ್ರ, ಕಂದಾಯ ರಸೀದಿ ಸೇರಿ ಹನ್ನೆರಡು ಹಾಳೆಗಳಿವೆ. ಆಪರೇಟರ್ ಅವೆಲ್ಲವನ್ನೂ ಸ್ಕ್ಯಾನ್ ಮಾಡಿ ಒಂದೇ ಪಿಡಿಎಫ್ ಆಗಿ ಕಳುಹಿಸುತ್ತಾರೆ. ಪರದೆಯ ಮೇಲೆ ಚಕ್ರ ಸುತ್ತುತ್ತದೆ. ಕೊನೆಗೆ ವಿಫಲವೆಂಬ ಸೂಚನೆ ಬರುತ್ತದೆ. "ಸರ್ವರ್ ಡೌನ್, ನಾಳೆ ಬನ್ನಿ" ಎಂಬ ಉತ್ತರ ದೊರೆಯುತ್ತದೆ. ನಾಳೆಯೂ ಅದೇ ಉತ್ತರ. ಆದರೆ ಸರ್ವರ್ ಸರಿಯಾಗಿಯೇ ಇದ್ದು, ಕಡತವು ಅದರ ಬಾಗಿಲಿಗಿಂತ ದೊಡ್ಡದಾಗಿದ್ದಿರಬಹುದು. ಹಾಗಿದ್ದಲ್ಲಿ ಎಷ್ಟು ದಿನ ಕಾದರೂ ಫಲವಿಲ್ಲ. ಈ ವ್ಯತ್ಯಾಸವನ್ನು ಅರಿಯುವುದೇ ಈ ಪಾಠದ ಉದ್ದೇಶ.

1. ಕೋರಿಕೆ ಮತ್ತು ಕಚ್ಚಾ ದತ್ತಾಂಶ

ಗಣಕಯಂತ್ರದಿಂದ ಸರ್ವರ್‌ಗೆ ಕಡತ ಕಳುಹಿಸುವ ಕೋರಿಕೆಗೆ ಎರಡು ಭಾಗಗಳಿರುತ್ತವೆ. ಮೊದಲನೆಯದು ತಲೆಭಾಗ. ಅಂಚೆ ಲಕೋಟೆಯ ವಿಳಾಸದಂತೆ ಇದರಲ್ಲಿ ಕೋರಿಕೆ ಎಲ್ಲಿಗೆ, ಯಾವ ಬಗೆಯದು, ಸಾಮಾನ್ಯವಾಗಿ ಎಷ್ಟು ಗಾತ್ರದ್ದು ಎಂಬ ವಿವರಗಳಿರುತ್ತವೆ. ಎರಡನೆಯದು ಒಡಲು. ಅರ್ಜಿಯ ವಿವರ, ಭಾವಚಿತ್ರ, ಸ್ಕ್ಯಾನ್ ಪ್ರತಿಗಳು ಇದರಲ್ಲಿರುತ್ತವೆ. ತಂತ್ರಾಂಶವು ವಿಂಗಡಿಸುವ ಮುನ್ನ ಬಂದ ಹಾಗೆಯೇ ಇರುವ ಈ ಒಡಲೇ ಕಚ್ಚಾ ದತ್ತಾಂಶ.

2. ಮಿತಿ ಏಕೆ?

ನಮ್ಮ ತೆಂಗಿನ ಸೀಮೆಯಲ್ಲಿ ಉಂಡೆ ಕೊಬ್ಬರಿಗಾಗಿ ಕಾಯಿಗಳನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಇಡುತ್ತೇವೆ. ಗಾಡಿಯ ಕಾಯಿಯನ್ನೆಲ್ಲ ಒಮ್ಮೆಗೇ ಅಟ್ಟಕ್ಕೆ ಏರಿಸಲಾಗದು. ಮಂಕರಿ ಮಂಕರಿಯಾಗಿ ಎಣಿಸಿ ಏರಿಸುತ್ತೇವೆ. ನಡುವೆ ಮಳೆ ಬಂದರೂ ಎಷ್ಟನೆಯ ಮಂಕರಿಗೆ ನಿಂತಿತೆಂಬ ಲೆಕ್ಕವಿರುತ್ತದೆ.

ಸರ್ವರ್‌ನ ಸ್ಮರಣೆಯೂ ಅಳತೆಯುಳ್ಳ ಅಟ್ಟವೇ. ಇಡೀ ಕೋರಿಕೆಯನ್ನು ಸ್ಮರಣೆಗೆ ತುಂಬಿಕೊಂಡು ನಂತರ ಬಿಚ್ಚುವ ತಂತ್ರಾಂಶಕ್ಕೆ ನೂರು ಕಚೇರಿಗಳು ಒಂದೇ ವೇಳೆ 25 ಎಂಬಿ ಕಡತಗಳನ್ನು ಕಳುಹಿಸಿದರೆ 2,500 ಎಂಬಿ ಸ್ಥಳ ಬೇಕಾಗುತ್ತದೆ. ಕಡತವನ್ನು ಅಕ್ಷರರೂಪಕ್ಕೆ (ಬೇಸ್64) ಪರಿವರ್ತಿಸಿ ಕಳುಹಿಸುವ ಪದ್ಧತಿಯಿದ್ದರೆ ಗಾತ್ರವು ಇನ್ನೂ ಮೂರನೇ ಒಂದರಷ್ಟು ಹೆಚ್ಚುತ್ತದೆ. ಅಟ್ಟ ಕುಸಿದರೆ ಎಲ್ಲರ ಕೆಲಸವೂ ನಿಲ್ಲುತ್ತದೆ. ಆದ್ದರಿಂದಲೇ ಮಿತಿ. ಎನ್‌ಜಿನ್‌ಎಕ್ಸ್ ಎಂಬ ಬಳಕೆಯ ಸರ್ವರ್ ತಂತ್ರಾಂಶದಲ್ಲಿ, ಬದಲಾಯಿಸದಿದ್ದರೆ, ಕೋರಿಕೆಯ ಒಡಲಿನ ಮಿತಿ 1 ಎಂಬಿ. ಪಿಎಚ್‌ಪಿಯಲ್ಲಿ ಒಂದು ಕಡತಕ್ಕೆ 2 ಎಂಬಿ. ನಿರ್ವಾಹಕರು ಇವನ್ನು ಅಗತ್ಯಕ್ಕೆ ತಕ್ಕಂತೆ ಹೆಚ್ಚಿಸಬಹುದು.

ಉತ್ತಮ ತಂತ್ರಾಂಶವು ಗಾತ್ರವನ್ನು ಮೊದಲೇ ಪರೀಕ್ಷಿಸುತ್ತದೆ, ದತ್ತಾಂಶವನ್ನು ತುಂಡು ತುಂಡಾಗಿ ಪಡೆದು ಡಿಸ್ಕ್‌ಗೆ ಬರೆಯುತ್ತದೆ, ಸಂಪರ್ಕ ಕಡಿದರೆ ನಿಂತಲ್ಲಿಂದ ಮುಂದುವರಿಸುತ್ತದೆ.

3. ಪರದೆಯ ಸಂಖ್ಯೆ ಏನು ಹೇಳುತ್ತದೆ?

413: ಕಡತ ಮಿತಿಗಿಂತ ದೊಡ್ಡದು. ಗಾತ್ರ ತಗ್ಗಿಸದೆ ಮತ್ತೆ ಕಳುಹಿಸುವುದು ವ್ಯರ್ಥ.
408: ಕೋರಿಕೆ ನಿಗದಿತ ವೇಳೆಯೊಳಗೆ ಪೂರ್ಣವಾಗಿ ತಲುಪಲಿಲ್ಲ. ನೆಟ್‌ವರ್ಕ್ ನಿಧಾನವಿರಬಹುದು.
503: ಸರ್ವರ್ ಸದ್ಯಕ್ಕೆ ಸೇವೆ ನೀಡಲಾರದು. ಇಲ್ಲಿ ಮಾತ್ರ ಸ್ವಲ್ಪ ಹೊತ್ತು ಕಾಯುವುದು ಸರಿಯಾದ ಮಾರ್ಗ.

4. ಒಂದು ಹಾಳೆಯ ತೂಕ

ಎ4 ಹಾಳೆಯನ್ನು 300 ಡಿಪಿಐನಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ, ಕುಗ್ಗಿಸುವ ಮುನ್ನ ಅದರ ಗಾತ್ರ ಸುಮಾರು 25 ಎಂಬಿ. ಅದೇ ಹಾಳೆಯನ್ನು 200 ಡಿಪಿಐನಲ್ಲಿ ಬೂದುಬಣ್ಣದಲ್ಲಿ ಮಾಡಿದರೆ 4 ಎಂಬಿಗಿಂತ ಕಡಿಮೆ. ಕುಗ್ಗಿಸಿದ ಮೇಲೆ ಎರಡೂ ಇನ್ನಷ್ಟು ಇಳಿಯುತ್ತವೆ. ಸೆಕೆಂಡಿಗೆ 1 ಮೆಗಾಬಿಟ್ ವೇಗದ ಸಂಪರ್ಕದಲ್ಲಿ 24 ಎಂಬಿ ಕಡತ ಹೋಗಲು ಮೂರು ನಿಮಿಷಕ್ಕೂ ಹೆಚ್ಚು ಬೇಕು. 1 ಎಂಬಿ ಕಡತಕ್ಕೆ ಎಂಟು ಸೆಕೆಂಡು ಸಾಕು. ಆದರೆ ಗಾತ್ರ ತಗ್ಗಿಸುವ ಭರದಲ್ಲಿ ಸಹಿ, ಮುದ್ರೆ, ಸರ್ವೆ ನಂಬರು ಮಸುಕಾಗಬಾರದು.

5. ಕೂಲಿಯ ಪ್ರಶ್ನೆ

ಉದ್ಯೋಗ ಖಾತರಿ ಯೋಜನೆಯಲ್ಲಿ, ವೈಯಕ್ತಿಕ ಕಾಮಗಾರಿಗಳನ್ನು ಹೊರತುಪಡಿಸಿ, 2023ರ ಜನವರಿ 1ರಿಂದ ಎನ್‌ಎಂಎಂಎಸ್ ಆ್ಯಪ್ ಮೂಲಕ ದಿನಕ್ಕೆ ಎರಡು ಬಾರಿ ಭಾವಚಿತ್ರಸಹಿತ ಹಾಜರಾತಿಯನ್ನು ಕಡ್ಡಾಯಗೊಳಿಸಲಾಯಿತು. ನೆಟ್‌ವರ್ಕ್ ಇಲ್ಲದ ಕೆರೆಯಂಗಳದಲ್ಲಿ ಚಿತ್ರ ತೆಗೆದು, ಸಂಪರ್ಕ ಸಿಕ್ಕಲ್ಲಿ ಕಳುಹಿಸಲು ಆ್ಯಪ್‌ನಲ್ಲಿ ಅವಕಾಶವಿತ್ತು. ಮೊದಲು ಉಳಿಸಿಕೊಂಡು ನಂತರ ಕಳುಹಿಸುವ ಈ ಕ್ರಮ ಒಳ್ಳೆಯದೇ. ಆದರೆ ಚಿತ್ರ ಫೋನಿನಲ್ಲಿಯೇ ಉಳಿದರೆ, ಹೂಳೆತ್ತಿದವರ ಆ ದಿನದ ಬೆವರಿಗೆ ದಾಖಲೆಯಿರುವುದಿಲ್ಲ. "ತೆಗೆದಿದ್ದೇವೆ" ಎಂಬುದು "ತಲುಪಿದೆ" ಎಂದಾಗದು.

6. ಸದಸ್ಯರು ಗಮನಿಸತಕ್ಕ ಅಂಶಗಳು

ಅ) ಬಳಕೆಯಲ್ಲಿರುವ ಪ್ರತಿ ತಂತ್ರಾಂಶದ ಕಡತ ಮಿತಿಯನ್ನು ಪಿಡಿಒ ಅವರಿಂದ ತಿಳಿದು, ಆಪರೇಟರ್ ಮೇಜಿನ ಬಳಿ ಬರೆದು ಹಾಕಿಸುವುದು.

ಆ) ಅವಕಾಶವಿರುವಲ್ಲಿ ದಾಖಲೆಗಳನ್ನು ಪ್ರತ್ಯೇಕ ಕಡತಗಳಾಗಿ ಸಲ್ಲಿಸುವುದು.

ಇ) ಸ್ವೀಕೃತಿ ಸಂಖ್ಯೆ ಬರುವವರೆಗೆ ಅರ್ಜಿ ಸಲ್ಲಿಕೆಯಾಯಿತೆಂದು ಭಾವಿಸದಿರುವುದು. ಸಂಖ್ಯೆ ಇಲ್ಲದಿದ್ದರೆ ವಿಳಂಬವನ್ನು ಪ್ರಶ್ನಿಸಲು ಅರ್ಜಿದಾರರ ಕೈಯಲ್ಲಿ ಆಧಾರವಿರುವುದಿಲ್ಲ.

ಈ) ನಡುವೆ ಸಂಪರ್ಕ ಕಡಿದರೆ, ಮೊದಲನೆಯದು ದಾಖಲಾಗಿದೆಯೇ ಎಂದು ನೋಡಿ ನಂತರವೇ ಮತ್ತೆ ಕಳುಹಿಸುವುದು. ಇಲ್ಲವಾದಲ್ಲಿ ಒಂದೇ ಅರ್ಜಿ ಎರಡಾಗಬಹುದು.

ಉ) ಗಾತ್ರ ತಗ್ಗಿಸಲು ಜನರ ಆಧಾರ್, ಕ್ರಯಪತ್ರಗಳನ್ನು ಅಪರಿಚಿತ ಉಚಿತ ಜಾಲತಾಣಗಳಿಗೆ ಹಾಕದಿರುವುದು, ಸ್ಕ್ಯಾನರ್‌ನಲ್ಲಿಯೇ ಡಿಪಿಐ ತಗ್ಗಿಸುವುದು.

ಊ) ವಿಫಲವಾದಾಗ ದಿನಾಂಕ, ವೇಳೆ, ಕಡತದ ಗಾತ್ರ ಮತ್ತು ಪರದೆಯ ಸಂಖ್ಯೆಯನ್ನು ವಹಿಯಲ್ಲಿ ಬರೆದಿಡುವುದು. "ಸರ್ವರ್ ಡೌನ್" ಎಂಬ ಎರಡು ಪದಗಳಿಂದ ಯಾವ ತಾಂತ್ರಿಕ ಸಿಬ್ಬಂದಿಯೂ ದೋಷ ಹುಡುಕಲಾರರು.

ಚರ್ಚೆಗೆ: ಕಳೆದ ತಿಂಗಳು ನಮ್ಮ ಕಚೇರಿಯಿಂದ ಎಷ್ಟು ಜನ "ನಾಳೆ ಬನ್ನಿ" ಎಂಬ ಉತ್ತರ ಪಡೆದು ಹಿಂದಿರುಗಿದರು? ಅವರಲ್ಲಿ ಎಷ್ಟು ಮಂದಿಗೆ ನಿಜವಾದ ಕಾರಣ ತಿಳಿಸಲಾಯಿತು? ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಹಿಯನ್ನು ತರಿಸಿ ನೋಡಿ. ತಂತ್ರಾಂಶವನ್ನು ತಿದ್ದುವುದು ಸದಸ್ಯರ ಕೆಲಸವಲ್ಲ. ಆದರೆ ಅರ್ಜಿ ಎಲ್ಲಿ ನಿಂತಿತೆಂದು ಕೇಳುವುದು ಸದಸ್ಯರ ಕರ್ತವ್ಯ.