ಕೈಬಿಗಿಯಾದ ದಿನಗಳಲ್ಲಿ ಪುಷ್ಟಿಯ ಲೆಕ್ಕ

ಸಂಸಾರದ ಆದಾಯವು ಕುಗ್ಗಿದಾಗ ಕತ್ತರಿಯು ಮೊಟ್ಟಮೊದಲು ಎಲ್ಲಿ ಆಡುತ್ತದೆ ಎಂಬುದನ್ನು ಗಮನಿಸಿ ನೋಡಿದವರಿಗೆ ಒಂದು ಸಂಗತಿ ಸ್ಪಷ್ಟವಾಗಿ ಗೋಚರಿಸುತ್ತದೆ. ಮನೆಯ ಬಾಡಿಗೆಗೆ ತಾರೀಖಿನ ಗಡುವಿದೆ. ಮಕ್ಕಳ ಶಾಲೆಯ ಶುಲ್ಕಕ್ಕೆ ರಸೀತಿಯಿದೆ. ಸಾಲದ ಕಂತು ತಪ್ಪಿದರೆ ದಂಡವಿದೆ. ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ತಗಾದೆ ಮಾಡುವವರು ಮಾತ್ರ ಯಾರೂ ಇಲ್ಲ. ಸಾರಿಗೆ ಒಂದು ಹಿಡಿ ಬೇಳೆ ಕಡಿಮೆ ಬಿದ್ದರೆ, ವಾರಕ್ಕೆ ನಾಲ್ಕು ಸಲ ಬರುತ್ತಿದ್ದ ಸೊಪ್ಪು ಒಂದು ಸಲಕ್ಕೆ ಇಳಿದರೆ, ಆ ಕೂಡಲೇ ಯಾರೂ ಕೇಳುವುದಿಲ್ಲ. ದೇಹವಾದರೋ ಆ ಬಾಕಿಯನ್ನೆಲ್ಲ ವರ್ಷಗಟ್ಟಲೆ ಮೌನವಾಗಿ ಬರೆದಿಟ್ಟುಕೊಂಡು, ಬಳಿಕ ಒಂದು ದಿನ ಬಡ್ಡಿಸಮೇತವಾಗಿ ವಸೂಲು ಮಾಡುತ್ತದೆ.

ಹೀಗೆ ಅಡುಗೆಮನೆಯೇ ಮೊದಲು ಬಲಿಯಾಗುವುದಕ್ಕೆ ಒಂದು ಆರ್ಥಿಕ ಕಾರಣವೂ ಉಂಟು. 1857ರಲ್ಲಿ ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ ಅವರು ಬೆಲ್ಜಿಯಂ ದೇಶದ ಶ್ರಮಜೀವಿ ಕುಟುಂಬಗಳ ಜಮಾಖರ್ಚನ್ನು ಪರಿಶೀಲಿಸಿ, ಕುಟುಂಬವು ಬಡವಾದಷ್ಟೂ ಅದರ ಒಟ್ಟು ವೆಚ್ಚದಲ್ಲಿ ಆಹಾರದ ಪಾಲು ಹಿರಿದಾಗಿರುತ್ತದೆಂದು ತೋರಿಸಿಕೊಟ್ಟರು. ಅರ್ಥಶಾಸ್ತ್ರದ ಪಾಠಗಳಲ್ಲಿ ಇಂದಿಗೂ ಅವರ ಹೆಸರಿನಿಂದಲೇ ಕರೆಯಲ್ಪಡುವ ಈ ನಿಯಮದ ಫಲವೇನೆಂದರೆ, ಹಣ ಉಳಿಸಬೇಕೆಂದು ಹೊರಟ ಬಡವನ ಕಣ್ಣಿಗೆ ಅತಿ ದೊಡ್ಡ ಬಾಬಾಗಿ ಕಾಣುವುದು ಊಟವೇ. ಅಲ್ಲಿ ಕೈಯಾಡಿಸುವುದು ಸಹಜ. ಆದರೆ ಎಲ್ಲಿ ತೆಗೆಯಬೇಕು, ಎಲ್ಲಿ ತೆಗೆಯಬಾರದು ಎಂಬ ವಿವೇಕವಿಲ್ಲದೆ ಕೈಯಾಡಿಸುವುದು ಅಪಾಯಕರ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ: ಕೈಬಿಗಿಯಾದ ಕಾಲದಲ್ಲಿ ಆಹಾರದ ವೆಚ್ಚವನ್ನು ಕುಗ್ಗಿಸುವುದಕ್ಕಿಂತ ಮುಂಚೆ ಅದನ್ನು ಸ್ಥಾನಾಂತರಿಸಬೇಕು, ಸತ್ವ ಕಡಿಮೆಯಿದ್ದು ಬೆಲೆ ಹೆಚ್ಚಿರುವ ಪದಾರ್ಥದಿಂದ, ಬೆಲೆ ಕಡಿಮೆಯಿದ್ದು ಸತ್ವ ಹೆಚ್ಚಿರುವ ಪದಾರ್ಥಕ್ಕೆ ಹಣವನ್ನು ಸಾಗಿಸಬೇಕು.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನಮ್ಮ ಯಜಮಾನರು ದುಡಿಯುತ್ತಿದ್ದ ಕಾರ್ಖಾನೆಯು ಬಾಗಿಲು ಮುಚ್ಚಿದ ಮೇಲೆ ಕೆಲವು ವರ್ಷಗಳ ಕಾಲ ಮೈಸೂರಿನ ನಮ್ಮ ಬಾಡಿಗೆಯ ಮನೆಯು ನನ್ನೊಬ್ಬಳ ಅಧ್ಯಾಪಿಕೆಯ ಸಂಬಳದ ಮೇಲೆಯೇ ನಿಂತಿತ್ತು. ಅತ್ತೆಯವರು, ನಾವಿಬ್ಬರು, ಬೆಳೆಯುವ ವಯಸ್ಸಿನ ಇಬ್ಬರು ಮಕ್ಕಳು. ಹೀಗೆ ಐದು ಎಲೆ ಹಾಕಬೇಕಾದ ಸಂಸಾರ. ಅಕ್ಕಪಕ್ಕದ ಮನೆಗಳಲ್ಲಿ ಇಂಥ ಸಂದರ್ಭ ಒದಗಿದಾಗ ಏನಾಗುತ್ತಿತ್ತೆಂಬುದನ್ನು ನಾನು ಕಂಡಿದ್ದೆ: ಅನ್ನಕ್ಕೆ ಕೊರತೆಯಾಗುತ್ತಿರಲಿಲ್ಲ; ಬೇಳೆ, ಕಾಳು, ಸೊಪ್ಪು, ಹಾಲು, ಹಣ್ಣು, ಈ ಐದು ಮಾತ್ರ ಒಂದೊಂದಾಗಿ ಮನೆಯಿಂದ ನಿರ್ಗಮಿಸುತ್ತಿದ್ದುವು. ಹೊಟ್ಟೆ ತುಂಬುತ್ತಿತ್ತು, ಮೈಗೆ ಹಿಡಿಯುತ್ತಿರಲಿಲ್ಲ. ಆದುದರಿಂದ ನಾನು ತಿಂಗಳ ಸಂಬಳ ಕೈಗೆ ಬಂದೊಡನೆ ಈ ಐದಕ್ಕೆ ಬೇಕಾದ ಹಣವನ್ನು ಬೇರೆ ಲಕೋಟೆಯಲ್ಲಿ ಎತ್ತಿಟ್ಟು, ಮಿಕ್ಕುದರಲ್ಲಿ ಮಿಕ್ಕುದನ್ನು ನಡೆಸುವ ಪದ್ಧತಿಯನ್ನು ಕೈಕೊಂಡೆ. ನ್ಯಾಯಬೆಲೆ ಅಂಗಡಿಯ ಅಕ್ಕಿಯು ಆ ಕಾಲದಲ್ಲಿ ನಮಗೆ ನಿಜವಾದ ಆಧಾರವಾಯಿತು. 2013ರಲ್ಲಿ ಆರಂಭವಾದ ಅನ್ನಭಾಗ್ಯದಂಥ ಯೋಜನೆಯಿಂದ ಧಾನ್ಯದ ಖರ್ಚು ಇಳಿಯುತ್ತದಷ್ಟೆ. ಆ ಉಳಿತಾಯವು ಬೇರೆ ಬಾಬುಗಳಿಗೆ ಹರಿದುಹೋಗದೆ ಬೇಳೆಕಾಳುಗಳ ಡಬ್ಬಿಗೇ ಹೋಗಿ ಸೇರಿದರೆ ಮಾತ್ರ ಅದರ ಸಂಪೂರ್ಣ ಪ್ರಯೋಜನ ದೊರೆಯುತ್ತದೆ.

ಪದಾರ್ಥಗಳನ್ನು ಆಯ್ದುಕೊಳ್ಳುವುದು ಹೇಗೆ? ನಮ್ಮ ಶಾಲೆಯ ಗ್ರಂಥಭಂಡಾರದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯು ಪ್ರಕಟಿಸಿದ ಆಹಾರ ಪದಾರ್ಥಗಳ ಕೋಷ್ಟಕವೊಂದಿತ್ತು. ಬೆರಿಬೆರಿ ರೋಗದ ಕಾರಣವನ್ನು ಶೋಧಿಸುವುದಕ್ಕೆಂದು 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಅವರು ನೀಲಗಿರಿಯ ಕೂನೂರಿನಲ್ಲಿ ಆರಂಭಿಸಿದ ಸಣ್ಣ ಪ್ರಯೋಗಶಾಲೆಯೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಬಂದು ನೆಲೆಸಿದ ಸಂಸ್ಥೆಯದು. ಅಕ್ಕಿಯನ್ನು ಅತಿಯಾಗಿ ಪಾಲಿಷ್ ಮಾಡಿ ತೌಡನ್ನು ಕಳೆದುಕೊಂಡ ಊಟದಿಂದ ಬರುವ ರೋಗವದು ಎಂಬುದು ನೆನಪಿಡತಕ್ಕ ಮಾತು. ಆ ಕೋಷ್ಟಕವನ್ನು ಮುಂದಿಟ್ಟುಕೊಂಡು ನಾನು ಲೆಕ್ಕದ ಪುಸ್ತಕದಲ್ಲಿ ಪ್ರತಿಯೊಂದು ಪದಾರ್ಥದ ಎದುರಿಗೂ ಎರಡು ಬೆಲೆಗಳನ್ನು ಬರೆಯತೊಡಗಿದೆ: ಒಂದು ಕಿಲೋಗ್ರಾಮಿನ ಬೆಲೆ, ಇನ್ನೊಂದು ಅದರಿಂದ ದೊರೆಯುವ 10 ಗ್ರಾಂ ಪ್ರೋಟೀನಿನ ಬೆಲೆ.

ಧಾರಣೆಯು ಊರಿಂದೂರಿಗೆ, ತಿಂಗಳಿಂದ ತಿಂಗಳಿಗೆ ಏರಿಳಿಯುವುದರಿಂದ, ಲೆಕ್ಕದ ಅನುಕೂಲಕ್ಕಾಗಿ ಕೆಲವು ಬೆಲೆಗಳನ್ನು ಇಟ್ಟುಕೊಳ್ಳೋಣ. ವಾಚಕರು ತಮ್ಮ ಬೀದಿಯ ದಿನಸಿ ಅಂಗಡಿಯ ಬೆಲೆಯನ್ನು ಅಲ್ಲಿ ತುಂಬಿಕೊಳ್ಳಬಹುದು. ಹುರುಳಿಯ 100 ಗ್ರಾಮಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನಿದೆ; ಕಿಲೋಗ್ರಾಮಿಗೆ 80 ರೂಪಾಯಿಯಾದರೆ 10 ಗ್ರಾಂ ಪ್ರೋಟೀನಿಗೆ ಮೂರೂವರೆ ರೂಪಾಯಿಗೆ ತುಸು ಮೇಲಾಗುತ್ತದೆ. ತೊಗರಿಬೇಳೆಯಲ್ಲಿಯೂ ಪ್ರೋಟೀನು ಹೆಚ್ಚುಕಡಿಮೆ ಅಷ್ಟೇ. ಆದರೆ ಬೆಲೆ 150 ರೂಪಾಯಿಯಾದರೆ ಅದೇ 10 ಗ್ರಾಮಿಗೆ 7 ರೂಪಾಯಿ ತೆರಬೇಕು. 140 ರೂಪಾಯಿಯ ಕಡಲೆಕಾಯಿ ಬೀಜದಿಂದ ಪಡೆದರೆ 6 ರೂಪಾಯಿ, 7 ರೂಪಾಯಿಯ ಮೊಟ್ಟೆಯಿಂದ ಪಡೆದರೆ 11 ರೂಪಾಯಿಯ ಹತ್ತಿರ, ಲೀಟರಿಗೆ 48 ರೂಪಾಯಿಯ ಹಾಲಿನಿಂದ ಪಡೆದರೆ 15 ರೂಪಾಯಿ. ಮಕ್ಕಳು ಎತ್ತರವಾಗಿ, ಬುದ್ಧಿವಂತರಾಗಿ ಬೆಳೆಯುತ್ತಾರೆಂದು ಜಾಹೀರಾತುಗಳಲ್ಲಿ ಸಾರಲ್ಪಡುವ, ಬಣ್ಣದ ಡಬ್ಬಿಯಲ್ಲಿ ಬರುವ ಮಾಲ್ಟಿನ ಪುಡಿಯ ವಿಚಾರವೇನು? ಕಿಲೋಗ್ರಾಮಿಗೆ 450 ರೂಪಾಯಿ ಬೆಲೆಯ, 100 ಗ್ರಾಮಿನಲ್ಲಿ 10 ಗ್ರಾಂ ಪ್ರೋಟೀನಿರುವ ಪುಡಿಯಾದರೆ ಅದೇ 10 ಗ್ರಾಮಿಗೆ 45 ರೂಪಾಯಿಯಾಗುತ್ತದೆ. ಅದರೊಂದಿಗೆ ಸಕ್ಕರೆಯೂ ಬರುತ್ತದೆ. ಈ ಒಂದು ಲೆಕ್ಕವನ್ನು ಬರೆದು ನೋಡಿದ ತಿಂಗಳಿನಿಂದ ಆ ಡಬ್ಬಿಯ ಹಣವು ನಮ್ಮ ಮನೆಯಲ್ಲಿ ಹುರುಳಿಗೂ ಹೆಸರುಕಾಳಿಗೂ ಕಡಲೆಕಾಯಿಗೂ ಸಂದಾಯವಾಯಿತು.

ದಿನಕ್ಕೆ ಎಷ್ಟು ಬೇಕೆಂಬುದಕ್ಕೂ ಅಳತೆಯುಂಟು. ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 0.83 ಗ್ರಾಂ, ಅಂದರೆ 55 ಕಿಲೋಗ್ರಾಂ ತೂಗುವ ಹೆಂಗಸಿಗೆ ಸುಮಾರು 46 ಗ್ರಾಂ ಪ್ರೋಟೀನು ಬೇಕೆಂದು ತಜ್ಞರು ಗೊತ್ತುಪಡಿಸಿದ್ದಾರೆ. ಧಾನ್ಯದಲ್ಲಿ ಒಂದು ಬಗೆಯ ಅಮೈನೋ ಆಮ್ಲದ ಕೊರತೆಯಿದ್ದರೆ ಬೇಳೆಕಾಳಿನಲ್ಲಿ ಇನ್ನೊಂದು ಬಗೆಯದರ ಕೊರತೆಯಿರುವುದರಿಂದ, ಅನ್ನದೊಡನೆ ಬೇಳೆ, ಮುದ್ದೆಯೊಡನೆ ಕಾಳು, ರೊಟ್ಟಿಯೊಡನೆ ಶೇಂಗಾ ಚಟ್ನಿ, ಹೀಗೆ ಕೂಡಿದಾಗ ಒಂದರ ನ್ಯೂನತೆಯನ್ನು ಮತ್ತೊಂದು ತುಂಬಿಕೊಡುತ್ತದೆ. ಆದರೆ ಪ್ರೋಟೀನೊಂದೇ ಪುಷ್ಟಿಯಲ್ಲ. ಬಿ12 ಎಂಬ ಜೀವಸತ್ವವು ಸಸ್ಯಾಹಾರದಲ್ಲಿ ದೊರೆಯುವುದು ಹಾಲು ಮೊಸರುಗಳಿಂದ ಮಾತ್ರ. ಆದುದರಿಂದ ಲೆಕ್ಕದಲ್ಲಿ ದುಬಾರಿಯಾಗಿ ಕಂಡರೂ ಹಾಲನ್ನು ಪೂರ್ತಿಯಾಗಿ ಬಿಡಕೂಡದು. ತಿನ್ನುವವರು ಮೊಟ್ಟೆಯನ್ನೂ ಬಿಡಕೂಡದು.

ಸುಣ್ಣಾಂಶದ ವಿಷಯಕ್ಕೆ ಬಂದರೆ ರಾಗಿಗೆ ಸಮನಾದ ಧಾನ್ಯವಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು 10 ಮಿಲಿಗ್ರಾಮನ್ನೂ ದಾಟದು. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಸಂಕರಗೊಳಿಸಿ 'ಇಂಡಾಫ್' ತಳಿಗಳನ್ನು ನಾಡಿಗೆ ಕೊಟ್ಟು, ರೈತರ ಇಳುವರಿಯನ್ನು ಹೆಚ್ಚಿಸಿದ ಉಪಕಾರವನ್ನು ಈ ಸಂದರ್ಭದಲ್ಲಿ ಸ್ಮರಿಸದೆ ಇರಲಾರೆ. ಬಡವರ ಊಟ ಬಡವಾಗದಂತೆ ಕಾದವರಲ್ಲಿ ಅವರೊಬ್ಬರು. ರಾಗಿಯನ್ನು ನೆನೆಹಾಕಿ, ಮೊಳಕೆ ಬರಿಸಿ, ಒಣಗಿಸಿ ಹಿಟ್ಟು ಮಾಡಿಸಿದರೆ ಅದರಲ್ಲಿರುವ ಸತ್ವಗಳು ದೇಹಕ್ಕೆ ಇನ್ನಷ್ಟು ಸುಲಭವಾಗಿ ಸಲ್ಲುತ್ತವೆ. ಸುಗ್ಗಿಯ ತರುವಾಯ ರಾಗಿಯ ಬೆಲೆ ಇಳಿದಿರುವಾಗ ಒಂದು ಮೂಟೆ ಕೊಂಡು ಹಸನು ಮಾಡಿ, ತಿಂಗಳಿಗೆ ಬೇಕಾದಷ್ಟನ್ನೇ ಗಿರಣಿಗೆ ಕಳುಹಿಸುವುದು ನಮ್ಮ ಮನೆಯ ಕ್ರಮ. ಅಂಗಡಿಯ ಪೊಟ್ಟಣದ ಹಿಟ್ಟಿಗಿಂತ ಇದು ಅಗ್ಗ, ಮುಗ್ಗುವ ಭಯವೂ ಕಡಿಮೆ.

ಪುಷ್ಟಿಯನ್ನೂ ಮಿತವ್ಯಯವನ್ನೂ ಒಂದೇ ಪಾತ್ರೆಯಲ್ಲಿ ಕೂಡಿಸುವ ವಿದ್ಯೆಯನ್ನು ನಾನು ಕಲಿತದ್ದು ಯಾವ ಕೋಷ್ಟಕದಿಂದಲೂ ಅಲ್ಲ, ಮಂಡ್ಯದ ಸೀಮೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದ ನಮ್ಮ ಅತ್ತೆಯವರಿಂದ. ಅವರು ಬಸ್ಸಾರು ಮಾಡುವುದನ್ನು ನೋಡಬೇಕಾಗಿತ್ತು. ರಾತ್ರಿ ನೆನೆಹಾಕಿದ ಹುರುಳಿಯನ್ನು ಬೇಯಲಿಟ್ಟು, ಅದು ಮುಕ್ಕಾಲು ಬೆಂದ ಹೊತ್ತಿಗೆ ದಂಟು, ಸಬ್ಬಸಿಗೆ, ಹಿತ್ತಲಿನ ನುಗ್ಗೆಸೊಪ್ಪು, ಹೀಗೆ ಅಂದು ಕೈಗೆ ಸಿಕ್ಕ ಸೊಪ್ಪನ್ನು ಹೆಚ್ಚಿ ಹಾಕುತ್ತಿದ್ದರು. ಬೆಂದುದನ್ನು ಬಸಿಯುವಾಗ ನಾನು ಪಕ್ಕದಲ್ಲಿ ನಿಂತಿದ್ದರೆ, "ಕಟ್ಟ ಚೆಲ್ಬ್ಯಾಡ ಕನವ್ವ, ಸೊಪ್ಪಿನ ಸತ್ವೆಲ್ಲ ಅದ್ರಲ್ಲೇ ಅದೆ" ಎಂದು ಎಚ್ಚರಿಸುತ್ತಿದ್ದರು. ಬಾಡಿಸಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಜೀರಿಗೆ, ಚೂರು ಕಾಯಿ, ಹುಣಿಸೆಹಣ್ಣುಗಳೊಂದಿಗೆ ಬೆಂದ ಕಾಳುಸೊಪ್ಪಿನ ಒಂದು ಹಿಡಿಯನ್ನು ಸೇರಿಸಿ ರುಬ್ಬಿ, ಬಸಿದ ಕಟ್ಟಿಗೆ ಹಾಕಿ ಕುದಿಸಿದರೆ ಸಾರಾಯಿತು; ಉಳಿದ ಕಾಳುಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯವಾಯಿತು. ಒಂದೇ ಒಲೆಯ ಉರಿಯಲ್ಲಿ ಬೆಂದುದರಿಂದ ಎರಡು ವ್ಯಂಜನ. ಬೇಯಿಸಿದ ನೀರಿಗೆ ಇಳಿದ ಜೀವಸತ್ವ ಮೋರಿಯ ಪಾಲಾಗುವಂತಿಲ್ಲ. ಎಣ್ಣೆ ಬೇಕಾದುದು ಒಗ್ಗರಣೆಗೆ ಮಾತ್ರ. ರಾಗಿಮುದ್ದೆಯೊಡನೆ ಇದನ್ನುಂಡು, ಕಡೆಯಲ್ಲಿ ಒಂದು ಲೋಟ ಮಜ್ಜಿಗೆ ಕುಡಿದರೆ, ಪ್ರೋಟೀನು, ಕಬ್ಬಿಣ, ಸುಣ್ಣಾಂಶ, ನಾರಿನಂಶಗಳೆಲ್ಲ ಒಂದೇ ಊಟದಲ್ಲಿ ಕೂಡಿಬರುತ್ತವೆ.

ಕಬ್ಬಿಣದ ವಿಷಯದಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣವನ್ನು ದೇಹವು ಹೀರಿಕೊಳ್ಳುವುದು ಅಲ್ಪವಾಗಿ; ಊಟದೊಡನೆ ಸಿ ಜೀವಸತ್ವವಿದ್ದರೆ ಅದು ವೃದ್ಧಿಸುತ್ತದೆ, ಊಟದ ಬೆನ್ನಿಗೇ ಕಾಫಿ ಟೀ ಕುಡಿದರೆ ಕುಗ್ಗುತ್ತದೆ. ಎಲೆಯ ತುದಿಗೊಂದು ನಿಂಬೆಹೋಳು ಬಡಿಸುವುದೂ, ಕಾಫಿಯನ್ನು ಊಟದಿಂದ ಒಂದು ಗಂಟೆ ದೂರವಿಡುವುದೂ ಹೆಚ್ಚಿನ ಹಣ ಬೇಡದ ಸುಧಾರಣೆಗಳು. ಹಣ್ಣಿನ ಆಯ್ಕೆಯಲ್ಲಿಯೂ ಇಂಥದೇ ವಿವೇಕ ಬೇಕು. ದೂರದ ಬೆಟ್ಟಗಳಿಂದ ಬಂದು ಮೇಣದ ಹೊಳಪಿನಿಂದ ಕಂಗೊಳಿಸುವ ಸೇಬಿನ 100 ಗ್ರಾಮಿನಲ್ಲಿ ಸಿ ಜೀವಸತ್ವವಿರುವುದು 5 ಮಿಲಿಗ್ರಾಮಿನ ಆಸುಪಾಸು. ನಮ್ಮ ಸೀಬೆಹಣ್ಣಿನಲ್ಲಾದರೆ 200 ಮಿಲಿಗ್ರಾಮಿನಷ್ಟು, ಬೆಟ್ಟದ ನೆಲ್ಲಿಕಾಯಿಯಲ್ಲಿ ಅದಕ್ಕೂ ಮಿಗಿಲು. ಆಯಾ ಋತುವಿನ ಪದಾರ್ಥವನ್ನೇ ಕೊಳ್ಳುವುದು, ದೇವರಾಜ ಮಾರುಕಟ್ಟೆಗೆ ಸಂಜೆ ದೀಪ ಹತ್ತುವ ಹೊತ್ತಿಗೆ ಹೋಗುವುದು, ಮರುದಿನಕ್ಕೆ ನಿಲ್ಲದ ಸೊಪ್ಪನ್ನು ಮಾರುವವರು ಬೆಲೆ ಇಳಿಸಿದಾಗ ಕೊಂಡು ಅಂದೇ ಬಿಡಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡುವುದು, ಇವು ನನಗೆ ರೂಢಿಯಾದುವು. ಸೊಪ್ಪು ಮಾರುವ ಅಜ್ಜಿಯೊಡನೆ ಮತ್ತೆ ಚೌಕಾಶಿ ಮಾಡುವುದು ಮಾತ್ರ ನನಗೆ ಸರಿಯೆಂದು ತೋರಲಿಲ್ಲ. ಅವಳ ಅಡುಗೆಮನೆಯಲ್ಲಿಯೂ ಇದೇ ಲೆಕ್ಕ ನಡೆಯಬೇಕಲ್ಲವೆ?

ಇಷ್ಟನ್ನು ಹೇಳುವಾಗ ಒಂದು ವೆಚ್ಚವನ್ನು ಮರೆಮಾಚಿದರೆ ಈ ಲೇಖನವು ಅಪ್ರಾಮಾಣಿಕವಾದೀತು. ಅಗ್ಗದ ಪುಷ್ಟಿಗೆ ಹಣದ ಬದಲು ಶ್ರಮವನ್ನು ತೆರಬೇಕು. ಹುರುಳಿಯಲ್ಲಿ ಕಲ್ಲು ಆರಿಸಬೇಕು, ಸೊಪ್ಪು ಬಿಡಿಸಬೇಕು, ಬಾಳೆದಿಂಡಿನ ನಾರು ತೆಗೆಯಬೇಕು. ದಿನವಿಡೀ ಹೊರಗೆ ದುಡಿದು ಬಂದ ಹೆಂಗಸಿನ ಮೇಲೆ ಇದೆಲ್ಲವನ್ನೂ ಹೊರಿಸಿ, ಪೊಟ್ಟಣದ ತಿನಿಸನ್ನು ತಂದಳೆಂದು ಅವಳನ್ನು ದೂರುವುದು ನ್ಯಾಯವಲ್ಲ. ನಮ್ಮ ಯಜಮಾನರು ಆ ದಿನಗಳಲ್ಲಿ ಸಂಜೆಯ ಸೊಪ್ಪು ಬಿಡಿಸುವ ಕೆಲಸವನ್ನು ತಾವಾಗಿಯೇ ವಹಿಸಿಕೊಂಡರು. ಮಕ್ಕಳು ಕಾಳು ಆರಿಸಿದರು. ಬೇರೆ ಕೆಲಸ ಸಿಕ್ಕಿದ ಮೇಲೂ ಯಜಮಾನರು ಸೊಪ್ಪು ಬಿಡಿಸುವುದನ್ನು ಬಿಟ್ಟುಕೊಡಲಿಲ್ಲ. ಇಂಥ ಹಂಚಿಕೆಯಿಲ್ಲದ ಮನೆಯಲ್ಲಿ ಯಾವ ಉಳಿತಾಯದ ಪದ್ಧತಿಯೂ ಬಹುಕಾಲ ನಿಲ್ಲಲಾರದು.

ಶ್ರಮದ ಹಂಚಿಕೆಯಂತೆಯೇ ಬಡಿಸಿದುದರ ಹಂಚಿಕೆಯೂ ಮುಖ್ಯ. 2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಇದಕ್ಕೆ ಕಾರಣಗಳು ಹಲವು; ಎಲ್ಲರಿಗೂ ಬಡಿಸಿ ಕಡೆಯಲ್ಲಿ ಕುಳಿತು, ತಳದಲ್ಲಿ ಉಳಿದ ತಿಳಿಸಾರಿನಲ್ಲಿ ಅನ್ನ ಕಲಸಿಕೊಳ್ಳುವ ಪರಿಪಾಠವನ್ನು ಆ ಕಾರಣಗಳ ಸಾಲಿನಿಂದ ಹೊರಗಿಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಎಷ್ಟೇ ಜಾಣತನದಿಂದ ಕೊಂಡು ತಂದರೂ, ತಂದ ಕಾಳು ಅಟ್ಟವಳ ಎಲೆಗೆ ಬೀಳದೆ ಹೋದರೆ ಆ ಮನೆಯ ಲೆಕ್ಕ ತಾಳೆಯಾಗಲಿಲ್ಲವೆಂದೇ ತಿಳಿಯಬೇಕು. ಆದುದರಿಂದ ಕೈಬಿಗಿಯಾದ ಸಂಸಾರಗಳಿಗೆ ನನ್ನ ಕಡೆಯ ಮಾತು ಇದು: ಕಾಳುಸೊಪ್ಪಿನ ಹಣವನ್ನು ತಿಂಗಳ ಮೊದಲಿಗೇ ಎತ್ತಿಡಿ, ಪದಾರ್ಥವನ್ನು ಅದರ ಸತ್ವದಿಂದ ತೂಗಿ ಕೊಳ್ಳಿ, ಬಡಿಸುವಾಗ ಅಡುಗೆ ಮಾಡಿದವರ ಪಾಲನ್ನು ಮೊದಲೇ ತೆಗೆದಿಟ್ಟು, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಊಟಮಾಡಿ.